ಕೋಳಿಗುಡ್ಡದ ಲೆಕ್ಕ

ಹಾರಂಗಿ ತುಂಬುವ ಮೊದಲು ಅದು ದನ ಮೇಯುವ ಗುಡ್ಡ,
ಕೋಳಿಗುಡ್ಡ ಅಂತ ಹೆಸರು.
ಈಗ ಕೋಳಿಯಿಲ್ಲ, ಗುಡ್ಡವೂ ಅರ್ಧವೇ.
ಸುತ್ತ ನೀರು, ನಡುವೆ ಬಿದಿರು,
ಬಿದಿರ ಬುಡಕ್ಕೆ ಇಲಿ, ಇಲಿಯ ಹಿಂದೆ ಕಾಡುಬೆಕ್ಕು.
ಹೀಗೆ ಹೇಳಿದರೆ ಅಜ್ಜಿಕತೆ.
ನನಗೆ ಮಾತ್ರ ತಿಂಗಳಿಗೊಮ್ಮೆ ಇದನ್ನು ಎಣಿಸುವ ಕೆಲಸ.

ಪೆಮ್ಮಯ್ಯನವರಿಗೆ ನೀರೆಂದರೆ ಆಗದು.
ಅವರು ದಡದಲ್ಲಿ ಕೊಡೆ ಹಿಡಿದು ನಿಲ್ಲುತ್ತಾರೆ;
ತೆಪ್ಪದಲ್ಲಿ ನಾನು, ನಲವತ್ತು ಬೋನು,
ಒಂದು ಚೀಲ ಸುಟ್ಟ ತೆಂಗಿನಕಾಯಿ ಚೂರು,
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ರಿಜಿಸ್ಟರು.
'ಎಣಿಸು ಪೂವಿ, ಬರೆ, ಬಿಟ್ಟುಬಿಡು. ಕೈ ಹಾಕಬೇಡ.'
ಅವರ ಪಾಠ ಇಷ್ಟೇ.

ಮೊದಲೆರಡು ವರ್ಷ ಬರೆಯಲೂ ಬೇಸರ:
ಇಲಿ ಹನ್ನೊಂದು, ಒಂಬತ್ತು, ಹನ್ನೆರಡು.
ಬೆಕ್ಕು ಎರಡು. ಬೆಕ್ಕು ಎರಡು. ಬೆಕ್ಕು ಎರಡು.

ಮೂರನೆಯ ಪುತ್ತರಿ ಕಳೆದ ಮೇಲೆ ಬಿದಿರು ಹೂ ಬಿಟ್ಟಿತು.
ಅವ್ವ ಹುಡುಗಿಯಾಗಿದ್ದಾಗ ಒಮ್ಮೆ ಕಂಡದ್ದಂತೆ;
ಆ ವರ್ಷ ಗದ್ದೆ ಕೊಯ್ದದ್ದು ಇಲಿಗಳಂತೆ.
ಮೆಳೆಯ ಕೆಳಗೆ ಕಾಲಿಟ್ಟರೆ ಜಾರುವಷ್ಟು ಅಕ್ಕಿ.
ನಾನೂ ಒಂದು ಸೇರು ಸೆರಗಿಗೆ ಕಟ್ಟಿಕೊಂಡೆ,
ಅದನ್ನು ಕೈ ಹಾಕಿದ್ದು ಅಂತ ಯಾರೂ ಅನ್ನಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ ಬೋನು ಸಾಲಲಿಲ್ಲ.
ನಲವತ್ತಕ್ಕೆ ನಲವತ್ತೂ ತುಂಬಿ
ಉಳಿದವು ಮುಚ್ಚಳದ ಮೇಲೆ ಕೂತು ಮೀಸೆ ತಿಕ್ಕಿದವು.
'ಬೋನಿಗಿಂತ ಹೆಚ್ಚು' ಎಂದು ಬರೆದೆ.
ಪೆಮ್ಮಯ್ಯ ಕೆಂಪು ಶಾಯಿಯಲ್ಲಿ ಹೊಡೆದರು: ಇದು ಸಂಖ್ಯೆಯಲ್ಲ.

ಬೆಕ್ಕು ಆಗಲೂ ಎರಡೇ.
ತಿನ್ನುವವರ ಲೆಕ್ಕ
ತಿನ್ನಿಸಿಕೊಳ್ಳುವವರ ಲೆಕ್ಕಕ್ಕಿಂತ ಒಂದು ಮಳೆ ತಡ.
ಕಕ್ಕಡ ಕಳೆದಾಗ ಐದು.
ಮರುಬೇಸಿಗೆಯ ರಾತ್ರಿ ಟಾರ್ಚು ಬಿಟ್ಟರೆ
ಹಸಿರು ಕಣ್ಣು ಹದಿನೆಂಟು, ಎರಡರಿಂದ ಭಾಗಿಸಿದೆ.
ಕೊಬ್ಬಿದ ಮರಿಗಳು, ಹಿಡಿದ ಇಲಿಯನ್ನು
ಅರ್ಧ ತಿಂದು ಮರೆತುಬಿಡುತ್ತಿದ್ದವು.
ಬಿದಿರು ಅಷ್ಟರಲ್ಲೇ ಸತ್ತಿತ್ತು.
ನಿಂತೇ ಸಾಯುತ್ತದೆ ಅದು, ಬೆಳ್ಳಗೆ;
ಗಾಳಿ ಬಂದರೆ ಎಲುಬಿಗೆ ಎಲುಬು ತಾಗಿದ ಸದ್ದು.
ಅದನ್ನು ಬರೆಯಲು ಅಂಕಣವಿರಲಿಲ್ಲ.

ಇಲಿ ಮೂವತ್ತು. ಇಲಿ ನಾಲ್ಕು.
ಬೇರು ತಿಂದವು, ತೊಗಟೆ ತಿಂದವು, ಒಂದನ್ನೊಂದು ತಿಂದವು,
ಕೆಲವು ಈಜಹೊರಟು ನನ್ನ ಬಲೆಗೇ ಸಿಕ್ಕವು.
ಬೆಕ್ಕು ಇನ್ನೂ ಒಂಬತ್ತು!
ಪುಟದ ಮೇಲೆ ಅದು ಸುಗ್ಗಿ.
ಅವುಗಳ ಪಕ್ಕೆ ನೋಡಿದವಳು ನಾನೊಬ್ಬಳೇ.
ಬೆಕ್ಕಿಗೆ ಚೆಲ್ಲಾಟ ಅಂತಾರಲ್ಲ,
ಆ ಗಾದೆ ಕಟ್ಟಿದವರು
ದಡದಲ್ಲಿ ನಿಂತಿದ್ದಿರಬೇಕು.

ಮಳೆಗಾಲದ ಕೊನೆಗೆ ಒಂದೇ ಉಳಿಯಿತು.
ಹೆಣ್ಣು, ಕಿವಿಯ ತುದಿ ಹರಿದದ್ದು.
ಕಲ್ಲಿನ ಮೇಲೆ ಕೂತು ತೆಪ್ಪ ಬರುವುದನ್ನು ನೋಡಿತು,
ಓಡಲಿಲ್ಲ.
ಬೋನಿನಲ್ಲಿ ಇಲಿ ಎರಡು. ಒಂದು ಬಸುರಿ.
ಬಾಗಿಲ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತೆ.
ಬಿಟ್ಟರೆ ಬೆಕ್ಕಿನ ಎದುರಿಗೇ ಬಿಟ್ಟಂತೆ,
ಹೊತ್ತೊಯ್ದರೆ ಗುಡ್ಡದಲ್ಲಿ ಇನ್ನೇನು ಉಳಿಯಿತು?
ಆಚೆ ದಡದಲ್ಲಿ ಕೊಡೆ ಕಪ್ಪಗೆ ಅಲುಗಿತು.

ಬೆಳಿಗ್ಗೆ ಹಿಡಿದ ಮೂರು ಜಿಲೇಬಿ ಮೀನು
ತೆಪ್ಪದ ತಳದಲ್ಲಿದ್ದವು, ಮನೆಯ ಸಾರಿಗೆ.
ತಂದು ಕಲ್ಲಿನ ಕೆಳಗಿಟ್ಟೆ.
ಅತ್ತ ಅದು ಇಳಿಯಿತು,
ಇತ್ತ ನಾನು ಬೋನು ತೆರೆದೆ.

ಇಲಿ ಎರಡು. ಬೆಕ್ಕು ಒಂದು.
ಮೀನಿಗೂ ಅಂಕಣವಿರಲಿಲ್ಲ.

'ಹೇಗಿದೆ?' ಎಂದರು ಪೆಮ್ಮಯ್ಯ.
ಕಡಿಮೆ, ಎಂದೆ.
'ತಾನಾಗಿಯೇ ಸರಿಹೋಗುತ್ತದೆ ನೋಡುತ್ತಿರು,'
ಕೊಡೆ ಮಡಚಿದರು.
ಒಂದು ಹೆಣ್ಣು ಬೆಕ್ಕಿನಿಂದ ಹೇಗೆ, ಎಂದು ನಾನು ಕೇಳಲಿಲ್ಲ.
ಕೈ ಮೀನು ನಾರುತ್ತಿತ್ತು,
ಸೆರಗಿನಲ್ಲಿ ಸುತ್ತಿಕೊಂಡೆ.

ಮುಂದಿನ ತಿಂಗಳ ಪುಟಕ್ಕೆ ರಾತ್ರಿಯೇ ಗೆರೆ ಎಳೆದಿಟ್ಟಿದ್ದೇನೆ.
ಒಂದು ಗೆರೆ ಹೆಚ್ಚಾಗಿ ಬಿದ್ದಿದೆ.
ಆ ಅಂಕಣದ ತಲೆಗೆ
ಇನ್ನೂ ಏನೂ ಬರೆದಿಲ್ಲ.